ಅಡುಗೆಮನೆ ಶೆಲ್ಫಿನ ಸ್ಪೀಕರ್

ಆದವಾನಿ
೮ ಡಿಸೆಂಬರ್ ೨೦೨೫, ಸೋಮವಾರ

ಪಲ್ಲವಿಯ ಅಪ್ಪನವರಿಗೆ, ಪ್ರಭುವಿನಲ್ಲಿ ಪ್ರೀತಿಯ ವಂದನೆಗಳು.

ಆರೋಗ್ಯವೇ? ರಾಜಕೋಟ್ ಚಳಿಗೆ ನಿಮ್ಮ ಕೆಮ್ಮು ಹೆಚ್ಚಾಗಿಲ್ಲ ತಾನೆ? ಮಿಲ್ಲಿನ ಹತ್ತಿ ಧೂಳಿಗೆ ಮೂಗಿಗೆ ಟವಲ್ ಕಟ್ಟಿಕೊಳ್ಳಿ. ದೊಡ್ಡ ಫಿಟ್ಟರ್ ಎಂಬ ಜಂಬದಲ್ಲಿ ಹಾಗೇ ಮಷಿನ್ ಒಳಗೆ ತಲೆ ಹಾಕಬೇಡಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ, ನನ್ನ ತಲೆಯೊಂದನ್ನು ಬಿಟ್ಟು. ಫೋನ್ ಇರುವಾಗ ಕಾಗದ ಯಾಕೆ ಎನ್ನಬೇಡಿ. ಮಳೆಗಾಲದಲ್ಲಿ ನೀವು ತಂದು, ಹಳೆಯ ಫೋನಿಗೆ ಜೋಡಿಸಿ, ಅಡುಗೆಮನೆ ಶೆಲ್ಫಿನ ಮೇಲೆ ಕೂರಿಸಿಹೋದ ಸ್ಪೀಕರಿನ ಅಬ್ಬರದಲ್ಲಿ ನನ್ನ ಮಾತು ನಿಮಗೆ ಕೇಳಿಸುವುದೇ ಇಲ್ಲ. ನಿಲ್ಲಿಸಿ ಮಾತಾಡಿದರೆ "ಹಾಡು ಯಾಕ ಬಂದ್ ಮಾಡೀದಿ?" ಎಂದು ಮೊದಲು ಅದನ್ನೇ ವಿಚಾರಿಸುತ್ತೀರಿ.

"ಕಿವಿಗೆ ಬೀಳತಿರಲಿ, ಮಕ್ಕಳಿಗೆ ಭಕ್ತಿ ತಾನಾಗೇ ಬರತೈತಿ" ಎಂದಿರಿ. ನಾನೂ ನಂಬಿದೆ. ಬೆಳಗಿನ ಚಹಾದಿಂದ ರಾತ್ರಿ ಊಟದವರೆಗೆ ತೆಲುಗು ಕ್ರೈಸ್ತ ಗೀತೆಗಳೇ ಗೀತೆಗಳು. ಆಗಿದ್ದೇನು? ಭರತ್ ಅದಕ್ಕಿಂತ ಜೋರಾಗಿ ಟಿವಿ ಹಚ್ಚುವುದನ್ನು ಕಲಿತ. ಊಟಕ್ಕೆ ಮುಂಚೆ ಪ್ರಾರ್ಥನೆ ಮಾಡೋ ಎಂದರೆ, ನಿಮ್ಮ ಮಗರಾಯ "ಅದು ಮಾಡಾಕತ್ತೈತಲ್ಲಮ್ಮ" ಎಂದು ಸ್ಪೀಕರ್ ತೋರಿಸಿ ತಟ್ಟೆಗೆ ಕೈ ಹಾಕುತ್ತಾನೆ. ಆ ಗದ್ದಲದಲ್ಲಿ ನಾನು ಮಾಡುವ ಪ್ರಾರ್ಥನೆ ನನಗೇ ಕೇಳಿಸದು.

ನಿನ್ನೆ ಚರ್ಚಿನಲ್ಲಿ ಮಾನ ಹೋಯಿತು. ಸಂಡೇ ಸ್ಕೂಲಿನ ಶಿರೀಷಾ ಟೀಚರ್ ಕ್ರಿಸ್‌ಮಸ್ ಹಾಡಿಗೆಂದು ಪಲ್ಲವಿಯನ್ನು ಮುಂದೆ ನಿಲ್ಲಿಸಿದ್ದರು. ಮೊದಲ ಚರಣ ಎಷ್ಟು ಚಂದ ಹಾಡಿದಳೆಂದರೆ ನನ್ನ ಕಣ್ಣು ತುಂಬಿತು. ಎರಡನೆಯದಕ್ಕೆ ಮುಂಚೆ, ಮುಗಿದ ಕೈ ಹಾಗೇ ಇಟ್ಟುಕೊಂಡು, ಗಂಡಸಿನ ದನಿ ತೆಗೆದು, ಮೊಣಕಾಲು ನೋವಿನ ಎಣ್ಣೆಯ ಜಾಹೀರಾತನ್ನು ಪೂರ್ತಿ ಒಪ್ಪಿಸಿ, ಮತ್ತೆ ಹಾಡು ಮುಂದುವರಿಸಿದಳು. ನಿಮ್ಮ ಪುಕ್ಕಟೆ ಹಾಡುಗಳ ನಡುವೆ ಆ ಜಾಹೀರಾತು ದಿನವೂ ಬರುತ್ತದಲ್ಲ, ಅದೂ ಹಾಡಿನದೇ ಭಾಗವೆಂದು ಮಗು ತಿಳಿದಿದೆ. ಸಭೆಗೆ ಸಭೆಯೇ ನಕ್ಕಿತು. ಪಕೀರಮ್ಮಜ್ಜಿ ಮಾತ್ರ ನಗದೆ, ಆರಾಧನೆ ಮುಗಿದ ಮೇಲೆ ನನ್ನ ಸೆರಗು ಹಿಡಿದು "ಆ ಎಣ್ಣಿ ಎಲ್ಲಿ ಸಿಗತೈತವ್ವಾ?" ಎಂದಳು. ಜನ ಯಾಕೆ ನಕ್ಕರೆಂದು ತಿಳಿಯದೆ ಪಲ್ಲವಿ ಆಟೋದಲ್ಲಿ ಮನೆ ಮುಟ್ಟುವ ತನಕ ಅತ್ತಳು. ನಿಮ್ಮ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮಕ್ಕಳ ಭಕ್ತಿಯನ್ನು ಒಂದು ಡಬ್ಬಿಗೆ ವಹಿಸಿಕೊಟ್ಟು ನೀವು ಅಲ್ಲಿ ನಿಶ್ಚಿಂತೆಯಾಗಿದ್ದೀರಿ. ಆ ಡಬ್ಬಿಗೆ ಹಳೆ ಸೀರೆ ಸುತ್ತಿ ಟ್ರಂಕಿಗೆ ಹಾಕಿದ್ದೇನೆ. ಬೈಯುವುದಿದ್ದರೆ ಊರಿಗೆ ಬಂದು ಬೈಯಿರಿ.

ಕ್ರಿಸ್‌ಮಸ್‌ಗೆ ರಜೆ ಸಿಕ್ಕಿತೋ ಇಲ್ಲವೋ ತಿಳಿಸಿ. ಹೊತ್ತಿಗೆ ಸರಿಯಾಗಿ ಉಣ್ಣಿ. ದೇವರು ನಿಮ್ಮ ಕೈಕಾಲು ಕಾಯಲಿ.

ನಿಮ್ಮ
ಶೋಭಾರಾಣಿ

ಮ.ವಿ.: ಕಾಗದ ಮಡಚುವಾಗ ಪಲ್ಲವಿ ಬಂದು ಪಕ್ಕದಲ್ಲಿ ಕೂತಳು. "ಅಪ್ಪ ಜಳಕಾ ಮಾಡೋವಾಗ ದಿನಾ ಯೇಸಪ್ಪನ ಹಾಡು ಹಾಡತಿದ್ದ. ಡಬ್ಬಿ ತಂದ ಮ್ಯಾಲೆ, ರಜಾ ಮುಗಿಸಿ ಹೋಗೋತನಕಾ ಒಂದು ದಿನಾನೂ ಹಾಡಲಿಲ್ಲ. ಅಪ್ಪ ಯೇಸಪ್ಪನ ಕೂಡ ಮಾತು ಬಿಟ್ಟಾನೇನಮ್ಮ?" ಎಂದು ಕೇಳಿದಳು. ನನಗೂ ಗೊತ್ತಿಲ್ಲ. ಕಾಗದ ಸಿಕ್ಕ ದಿನವೇ ಫೋನ್ ಮಾಡಿ, ಅವಳಿಗೆ ನೀವೇ ಉತ್ತರ ಹೇಳಿ.