ಉರುಕುಂದಮ್ಮನಿಗೆ ಎಷ್ಟು ನೀರು ಬೇಕು?

ಮಾನ್ಯ ಸಭಾಧ್ಯಕ್ಷರೇ,

ನನ್ನ ಸೋದರತ್ತೆ ಉರುಕುಂದಮ್ಮ ಕ್ರೈಸ್ತಳು ಹೌದೋ, ಅಲ್ಲವೋ? ಕುಶಲಪ್ರಶ್ನೆ ಬಿಟ್ಟು ನೇರವಾಗಿ ಇಲ್ಲಿಂದಲೇ ಶುರು ಮಾಡಿದ್ದಕ್ಕೆ ಕ್ಷಮೆಯಿರಲಿ. ಕುಶಲ ವಿಚಾರಿಸಿ ಬರೆದ ಪತ್ರಗಳು ಈಗಾಗಲೇ ಮೂರು ತಮ್ಮ ಕಚೇರಿಯಲ್ಲಿವೆ. ಮೊದಲೆರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಒಂದೂವರೆ ಸಾಲು ಬಂತು: ವಿಷಯ ಸೂಕ್ಷ್ಮವಾದುದು, ಪ್ರಾರ್ಥಿಸಿರಿ. ಪ್ರಾರ್ಥಿಸಿದೆವು. ಪತ್ರಿಕೆಗೆ ಬರೆಯಬೇಕೆಂದು ಹೊಳೆದದ್ದು ಆಗಲೇ. ಆದ್ದರಿಂದ ಈ ಪತ್ರಕ್ಕೆ ಮೂಲ ಪ್ರೇರಣೆ ತಮ್ಮದೇ.

ನಾನು ಆದೋನಿಯಲ್ಲಿ ದರ್ಜಿ. ಊರು ಕೌತಾಳಂ ಕಡೆಯ ಒಂದು ಹಳ್ಳಿ. ಪ್ರತಿ ಭಾನುವಾರ ಬಸ್ಸು ಹತ್ತಿ ಅಲ್ಲಿನ ನಮ್ಮ ಕ್ರೈಸ್ತ ಸಭೆಗೇ ಹೋಗುತ್ತೇನೆ. ಒಂಬತ್ತು ವರ್ಷ ಸಭಾ ಹಿರಿಯನಾಗಿದ್ದೆ. ಈಗೇಕೆ ಅಲ್ಲ ಎಂಬುದು ಮುಂದೆ ಬರುತ್ತದೆ.

ಅತ್ತೆಯ ಹೆಸರು ಉರುಕುಂದದ ಈರಣ್ಣನಿಗೆ ಹೊತ್ತ ಹರಕೆಯದು. ಆಕೆಗೆ ನಾಲ್ಕು ವರ್ಷವಾದಾಗ ತಂದೆತಾಯಿ ಸಭೆಗೆ ಸೇರಿದರು. ಅಂದಿನ ಸಭಾಪಾಲಕರು ನಮ್ಮ ಅಂಗಳದಲ್ಲಿ ನಿಂತು, ತಂಬಿಗೆಯ ನೀರನ್ನು ಮೂರು ಸಲ ಹಣೆಗೆ ಚಿಮುಕಿಸಿ ದೀಕ್ಷಾಸ್ನಾನ ಕೊಟ್ಟರು. ಹೆಸರು ಬದಲಿಸಲಿಲ್ಲ, ಕರೆಯಲು ಇದೇ ಸಾಕೆಂದರಂತೆ. ಅಲ್ಲಿಂದ ಆಕೆಯ ಮದುವೆ, ಮಕ್ಕಳ ದೀಕ್ಷಾಸ್ನಾನ, ಗಂಡನ ಮಣ್ಣು ಎಲ್ಲವೂ ನಮ್ಮ ಸಭೆಯಲ್ಲೇ ನಡೆದವು. ಮೂವತ್ತು ವರ್ಷದಿಂದ, ಸಭೆಯಲ್ಲಿ ರೊಟ್ಟಿ, ರಸ ಹಂಚುವ ಕರ್ತನ ಭೋಜನಕ್ಕೆ ಬೇಕಾದ ದ್ರಾಕ್ಷಾರಸ ಆಕೆಯದೇ: ಶನಿವಾರ ಒಣದ್ರಾಕ್ಷಿ ನೆನೆಹಾಕಿ, ಕುದಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ, ಬಾಟಲಿಗೆ ತುಂಬಿ ತರುತ್ತಾಳೆ.

ಮೂರು ವರ್ಷದ ಹಿಂದೆ ತಾವು ಹೊಸ ಸಭಾಪಾಲಕರನ್ನು ಕಳಿಸಿದಿರಿ. ಸುಳ್ಳು ಹೇಳಬಾರದು, ಚೆನ್ನಾಗಿ ಹಾಡುತ್ತಾರೆ, ಕಾಯಿಲೆಯವರ ಮನೆಗೆ ಕರೆಯದೆಯೇ ಬರುತ್ತಾರೆ. ಆದರೆ ವರ್ಷ ತುಂಬುವ ಮೊದಲೇ ಅವರಿಗೊಂದು ಸತ್ಯ ಗೊತ್ತಾಯಿತು: ಚಿಮುಕಿಸಿದ್ದು ದೀಕ್ಷಾಸ್ನಾನವೇ ಅಲ್ಲ, ಪೂರ್ತಿ ಮುಳುಗಬೇಕು, ಮುಳುಗದವರಿಗೆ ಕರ್ತನ ಭೋಜನ ಇಲ್ಲ. ನಲ್ಲಿಯಲ್ಲಿ ನೀರು ಬಂದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಈ ಸೀಮೆಯಲ್ಲಿ ರಕ್ಷಣೆಗೂ ನೀರಿನ ಅಳತೆ ಬಂತು. ಕಾಲುವೆಗೆ ನೀರು ಬಿಟ್ಟ ವಾರ ಜನ ಸಾಲಾಗಿ ಇಳಿದರು. ಮಾನ್ಯರೇ, ನಾನೂ ಇಳಿದೆ. ನಂಬಿಕೆಯಿಂದಲ್ಲ, ತಕರಾರು ಬೇಡವೆಂದು. ಮೇಲೆದ್ದಾಗ ಮೊದಲಿಗಿಂತ ಒದ್ದೆಯಾಗಿದ್ದೆ, ಬೇರೇನೂ ವ್ಯತ್ಯಾಸ ಕಾಣಲಿಲ್ಲ.

ಅತ್ತೆ ಇಳಿಯಲಿಲ್ಲ. ಸಭಾಪಾಲಕರು ಮನೆಗೇ ಬಂದು, ನೀರಿಗೆ ಹೆದರಿಕೆಯೇ ಎಂದು ಕೇಳಿದರು. ಆಕೆ ಜೋಳ ಕೇರುತ್ತಿದ್ದ ಮೊರ ಕೆಳಗಿಟ್ಟು ಹೇಳಿದ ಮಾತನ್ನು ನಾನು ಎದುರಿಗಿದ್ದು ಕೇಳಿದ್ದೇನೆ.

"ನಾಕು ವರ್ಷದಾಕಿ ಇದ್ದಾಗ ದೇವರು ನನ್ನ ಕರದಾನ್ರಿ ಅಯ್ಯಗಾರು. ಈಗ ಮತ್ತ ಮುಳುಗಿದ್ರ, ಅವತ್ತು ಆತ ಬಂದಿದ್ದಿಲ್ಲ ಅಂತ ನಾನ ಸಾಕ್ಷಿ ಹೇಳಿದಂಗ ಆಗತೈತಿ. ಆಗಲಿ, ನಾ ಮುಳುಗತೀನಿ ಅನ್ರಿ. ಮಣ್ಣಾಗ ಮಲಗಿರೋ ನನ್ನ ಗಂಡನ್ನ ಯಾರು ಮುಳುಗಿಸ್ತೀರಿ?"

ಮುಂದಿನ ಭಾನುವಾರ ಕರ್ತನ ಭೋಜನದ ತಟ್ಟೆ ಆಕೆಯನ್ನು ದಾಟಿಹೋಯಿತು. ಹೀಗೆ ಹನ್ನೊಂದು ತಿಂಗಳು. ಆ ಹನ್ನೊಂದು ತಿಂಗಳೂ ರಸ ಕಾಯಿಸಿ ತಂದವಳು ಆಕೆಯೇ. ಯಾಕೆ ತರುತ್ತೀ ಎಂದು ಕೇಳಿದ್ದಕ್ಕೆ, ಸಿಟ್ಟು ಅಯ್ಯಗಾರರ ಮೇಲಿರಬಹುದು, ಊಟ ಅವರದಲ್ಲವಲ್ಲ ಎಂದಳು. ಆಕೆ ಕಾಯಿಸಿದ ರಸವನ್ನು ಆಕೆಯ ಕಣ್ಣೆದುರೇ ಕುಡಿಯುತ್ತ ಕೂತಿದ್ದ ಹಿರಿಯರಲ್ಲಿ ನಾನೂ ಒಬ್ಬ. ತಪ್ಪೆಂದು ಗೊತ್ತಿತ್ತು. ಆದರೂ ಕುಡಿದೆ.

ಮೊದಲು ತಿರುಗಿಬಿದ್ದವಳು ನಮ್ಮ ಸಭೆಯ ಚಂದನಾ, ಆದೋನಿಯ ಆಸ್ಪತ್ರೆಯೊಂದರಲ್ಲಿ ನರ್ಸು. ಕಾಲುವೆಗೆ ಎಲ್ಲರಿಗಿಂತ ಮೊದಲು ಇಳಿದು ಸಭಾಪಾಲಕರಿಂದ ಹೊಗಳಿಸಿಕೊಂಡವಳೂ ಆಕೆಯೇ. ಅವತ್ತು ತಟ್ಟೆ ಎದುರಿಗೆ ಬಂದಾಗ ಕೈ ಚಾಚಲಿಲ್ಲ. "ಉರುಕುಂದಮ್ಮಗ ಕೊಟ್ಟಮ್ಯಾಲೆ ನಾ ತಗೋತೀನ್ರಿ," ಎಂದಷ್ಟೇ ಮೆಲ್ಲಗೆ ಹೇಳಿ ಕೂತಳು. ಪಕ್ಕದವಳೂ ಬೇಡವೆಂದಳು. ಹಿಂದಿನ ಸಾಲೂ ಬೇಡವೆಂದಿತು. ಗಂಡಸರ ಕಡೆಗೆ ಬಂದಾಗ ನಾನೂ ತಲೆಯಾಡಿಸಿದೆ. ಹನ್ನೊಂದು ತಿಂಗಳು ತಡವಾಗಿ ಬಂದ ಧೈರ್ಯಕ್ಕೆ ಹೆಮ್ಮೆಪಡುವಂಥದ್ದೇನೂ ಇಲ್ಲ. ತಟ್ಟೆ ಹೋದ ಹಾಗೆಯೇ ತುಂಬಿ ವಾಪಸ್ಸಾಯಿತು. ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಆಮೇಲೆ, ದೇವರ ಊಟ ಬಿಟ್ಟದ್ದಕ್ಕೆ ನಮ್ಮನ್ನೆಲ್ಲ ಬೈದಳು.

ಮೂರು ಪತ್ರಕ್ಕೆ ಅಲುಗದ ತಮ್ಮ ಕಚೇರಿ ಈ ಸುದ್ದಿಗೆ ಹತ್ತೇ ದಿನದಲ್ಲಿ ಎದ್ದಿತು. ಇಬ್ಬರು ವಿಚಾರಣೆಗೆ ಬಂದು ಸಭಾಪಾಲಕರ ಮನೆಯಲ್ಲೇ ಉಂಡರು, ಅಲ್ಲೇ ವಿಚಾರಿಸಿದರು. ದೀಕ್ಷಾಸ್ನಾನದ ಬಗ್ಗೆ ಒಂದು ಮಾತಿಲ್ಲ. ಅತ್ತೆಗೆ ಕೇಳಿದ್ದು ಒಂದೇ: ಕ್ಷಮೆ ಕೇಳುತ್ತೀರಾ? "ಯಾರ್ನ್ರಿ?" ಎಂದಳು ಆಕೆ. ನಿಜಕ್ಕೂ ಗೊತ್ತಾಗದೆ ಕೇಳಿದ್ದು. ಅವರು ಅದನ್ನು ಉದ್ಧಟತನವೆಂದು ಬರೆದುಕೊಂಡರು. ವಾರದೊಳಗೆ ಆದೇಶ ಬಂತು: ಸಭೆಯ ಐಕ್ಯಕ್ಕೆ ಭಂಗ ತಂದದ್ದಕ್ಕಾಗಿ ಹಿರಿಯರ ಸಮಿತಿ ರದ್ದು. ಸಭಾಪಾಲಕರ ಬೋಧನೆಯ ಬಗ್ಗೆ ಒಂದಕ್ಷರವಿಲ್ಲ. ಅಲ್ಲಿಂದ ನಾಲ್ಕು ತಿಂಗಳು ನಮ್ಮ ಸಭೆಯಲ್ಲಿ ಯಾರೂ ಕರ್ತನ ಭೋಜನ ತೆಗೆದುಕೊಂಡಿಲ್ಲ.

ಐಕ್ಯ! ನಮ್ಮದೇ ಸಭೆಯ ಆರಾಧನಾ ಕ್ರಮದ ಪುಸ್ತಕವನ್ನು ತಾವು ಓದಿಯೇ ಇರುತ್ತೀರಿ. ಚಿಮುಕಿಸಿದರೂ ಮುಳುಗಿಸಿದರೂ ದೀಕ್ಷಾಸ್ನಾನ ಒಂದೇ, ಎರಡನೇ ಸಲ ಕೊಡತಕ್ಕದ್ದಲ್ಲ ಎಂದು ಅದರಲ್ಲಿದೆ. ಹಾಗಾದರೆ ಬೋಧನೆ ಮೀರಿದವರು ಯಾರು? ಶಿಕ್ಷೆ ಯಾರಿಗಾಯಿತು? ಇನ್ನೂ ಒಂದು ಸಂಗತಿ. ತಮ್ಮ ಪದಗ್ರಹಣದ ದಿನ ಹಂಚಿದ ಪುಸ್ತಿಕೆಯಲ್ಲಿ, ತಾವು ಮೂರು ತಿಂಗಳ ಕೂಸಾಗಿದ್ದಾಗ ತಾತನವರ ಕೈಯಿಂದ ಚಿಮುಕಿಸಿಕೊಂಡು ದೀಕ್ಷಾಸ್ನಾನ ಪಡೆದಿರೆಂದು ಬರೆದಿದೆ. ನಮ್ಮ ಸಭಾಪಾಲಕರ ಮಾತು ನಿಜವಾದರೆ, ತಾವು ಇನ್ನೂ ಸಭೆಗೇ ಸೇರಿಲ್ಲ. ಹಾಗಿದ್ದ ಮೇಲೆ ತಮ್ಮ ಕೈ ತಲೆಯ ಮೇಲಿಡಿಸಿಕೊಂಡು ಅವರು ಸಭಾಪಾಲಕರಾದದ್ದು ಹೇಗೆ? ಕೂತ ಕೊಂಬೆಯನ್ನು ಇಷ್ಟು ಉತ್ಸಾಹದಿಂದ ಕಡಿಯುವವರನ್ನು ನಾನು ಕಂಡಿಲ್ಲ; ಕಡಿಯುವವನನ್ನು ಕೆಳಗೆ ನಿಂತು ಆಶೀರ್ವದಿಸುವ ಮರವನ್ನಂತೂ ಕಂಡೇ ಇಲ್ಲ.

ಹೋದ ಭಾನುವಾರ ಅತ್ತೆ, ತಮಗೆ ಕನ್ನಡ ಓದಲು ಬರುವುದಿಲ್ಲವೇನೋ ಎಂದಳು, ತಮ್ಮ ಪರವಾಗಿ. ತೆಲುಗಿನಲ್ಲೇ ಬರೆಯಿರಿ, ನಮಗೆರಡೂ ಒಂದೇ. ನನ್ನ ಹುದ್ದೆ ಮರಳಿ ಬೇಡ, ಸಭಾಪಾಲಕರನ್ನು ಓಡಿಸುವುದೂ ಬೇಡ. ಉರುಕುಂದಮ್ಮನ ದೀಕ್ಷಾಸ್ನಾನ ಸರಿಯೋ ತಪ್ಪೋ, ಒಂದೇ ಪದ, ಕೆಳಗೆ ತಮ್ಮ ಸಹಿ. ಸರಿ ಎಂದಾದರೆ ಬಂದು ತಮ್ಮ ಕೈಯಾರೆ ಆಕೆಗೆ ರೊಟ್ಟಿ ಕೊಡಿ. ತಪ್ಪು ಎಂದಾದರೂ ಬನ್ನಿ. ಎಪ್ಪತ್ತೊಂದು ವರ್ಷದ ಆ ಮುಖ ನೋಡಿ ಅದನ್ನು ಹೇಳಿ. ಹೆದರಬೇಡಿ. ಬಿಸಿಲಲ್ಲಿ ಬಂದವರಿಗೆ ಮಜ್ಜಿಗೆ ಕೊಡದೆ ಆಕೆ ಯಾರನ್ನೂ ಕಳಿಸಿದವಳಲ್ಲ.

ಇಂತಿ,
ಇನ್ನೂ ತಮ್ಮ ಸಭೆಯವನೇ ಎಂದು ನಂಬಿಕೊಂಡಿರುವ,
ಯರ್ರೆಪ್ಪ
ಆದೋನಿ