ಸೇತುವೆ ದಾಟಲು ಇಬ್ಬರಿರಲಿ

ಸಂಚಾರ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಒಂದು ವಿಷಯವನ್ನು ಹೇಳದೆಯೇ ಈ ಪತ್ರ ಮುಗಿಸಿಬಿಡೋಣವೆಂದು ಬಹಳ ಯೋಚಿಸಿದೆ. ಹೇಳಿದರೆ ನನ್ನ ವಾದವೇ ಬಿದ್ದುಹೋದೀತು ಎಂಬ ಹೆದರಿಕೆ. ಆದರೂ ಅಲ್ಲಿಂದಲೇ ಶುರು ಮಾಡುತ್ತೇನೆ. ಪೆಟ್ರೋಲಿನ ಬೆಲೆ ಏರಿದಾಗ, ಬೆಳಗಿನ ಹೊತ್ತು ಒಬ್ಬರೇ ಕೂತ ಕಾರನ್ನು ಸೇತುವೆಯ ಮೇಲೆ ಬಿಡುವುದಿಲ್ಲ ಎಂದು ನೀವು ಆದೇಶ ಹೊರಡಿಸಿದಿರಿ. ಅದನ್ನು ರದ್ದುಮಾಡಿ ಎಂದು ನಿಮಗೆ ಮನವಿ ಬರೆದವರಲ್ಲಿ ನಾನೂ ಒಬ್ಬಳು. ಈಗ ನೀವು ರದ್ದುಮಾಡಿದ್ದೀರಿ. ಬರುವ ಜೂನ್ ಒಂದರಿಂದ ಕರೆಂಟಿನ ಗಾಡಿಯವರು ಒಬ್ಬರೇ ಸೇತುವೆ ದಾಟಬಹುದು, ಪೆಟ್ರೋಲಿನವರು ಶುಲ್ಕ ಕಟ್ಟಿ ಒಬ್ಬರೇ ದಾಟಬಹುದು. ಸೇತುವೆಯ ಈಚೆ ಬದಿಯ ಬಸ್ ನಿಲ್ದಾಣವನ್ನು ಕೆಡವಿ ಅಲ್ಲಿ ಚಾರ್ಜಿಂಗ್ ಕೇಂದ್ರ ಕಟ್ಟುತ್ತೀರಂತೆ. ‘ನಾಗರಿಕರ ಅಹವಾಲಿಗೆ ಸ್ಪಂದಿಸಿ’ ಎಂದು ಪ್ರಕಟಣೆಯ ಮೊದಲ ಸಾಲಿನಲ್ಲೇ ಇದೆ. ಆ ನಾಗರಿಕರಲ್ಲಿ ಒಬ್ಬಳು ಈಗ ಕೇಳಿಕೊಳ್ಳುತ್ತಿದ್ದಾಳೆ: ದಯವಿಟ್ಟು ಸ್ಪಂದಿಸಬೇಡಿ. ನನ್ನ ಜೀವಮಾನದಲ್ಲಿ ಸರ್ಕಾರಿ ಕಚೇರಿಯೊಂದು ನನ್ನ ಮಾತಿಗೆ ಕಿವಿಗೊಟ್ಟಿದ್ದು ಇದೇ ಮೊದಲು. ಇಷ್ಟು ವರ್ಷ ಕೇಳಿಸಿಕೊಳ್ಳದೆ ಇದ್ದವರು ಇದೊಂದನ್ನೂ ಕೇಳಿಸಿಕೊಳ್ಳದೆ ಇದ್ದಿದ್ದರೆ ನಿಮ್ಮ ಗಂಟೇನು ಹೋಗುತ್ತಿತ್ತು?

ನನ್ನ ಕೆಲಸ ಹಲ್ಲಿನ ಸೆಟ್ ಮಾಡುವುದು. ಬೆಳಗ್ಗೆ ನದಿಯ ಈಚೆಗಿರುವ ದಂತವೈದ್ಯರ ಕ್ಲಿನಿಕ್ಕುಗಳಿಗೆ ಹೋಗಿ, ರೋಗಿಗಳ ಬಾಯಿಯಿಂದ ತೆಗೆದ ಅಚ್ಚುಗಳನ್ನು ಡಬ್ಬಿಗಳಲ್ಲಿ ತುಂಬಿಕೊಂಡು, ಆಚೆ ದಡದ ನಮ್ಮ ಲ್ಯಾಬಿಗೆ ತರುತ್ತೇನೆ. ಅಲ್ಲಿ ಪ್ಲಾಸ್ಟರ್ ಎರೆದು, ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ಕೂರಿಸುವುದು. ಉಜ್ಜುವ ಯಂತ್ರದ ಸದ್ದಿಗೆ ಎಲ್ಲರೂ ಕಿವಿ ಮುಚ್ಚಿಕೊಂಡಿರುತ್ತೇವೆ, ಧೂಳಿಗೆ ಮೂಗು ಬಾಯಿ ಕಟ್ಟಿಕೊಂಡಿರುತ್ತೇವೆ. ಇಡೀ ದಿನ ಬಾಯಿಗಳ ನಡುವೆಯೇ ಇರುತ್ತೇನೆ, ಅವುಗಳಲ್ಲಿ ಒಂದೂ ಮಾತಾಡುವುದಿಲ್ಲ.

ನಾನು ಮದುವೆಯಾಗಿಲ್ಲ. ಅಕ್ಕನೂ ಆಗಿರಲಿಲ್ಲ. ಅವಳ ಬ್ಯಾಂಕು ನಮ್ಮ ಲ್ಯಾಬಿನ ಹಿಂದಿನ ಬೀದಿಯಲ್ಲೇ ಇದ್ದದ್ದರಿಂದ ವರ್ಷಾನುಗಟ್ಟಲೆ ಒಂದೇ ಕಾರಿನಲ್ಲಿ ಹೋಗಿಬಂದೆವು. ಅವಳು ಪಕ್ಕದ ಸೀಟಿನಲ್ಲಿ ಕೂತು ನನ್ನ ಡ್ರೈವಿಂಗಿನಲ್ಲಿ ಹುಳುಕು ಹುಡುಕುತ್ತಿದ್ದಳು, ನಾನು ಸಿಡುಕುತ್ತಿದ್ದೆ. ಹೋದ ವರ್ಷ ಕನ್ನಡಕದ ಕಡ್ಡಿ ರಿಪೇರಿ ಮಾಡಿಸಲು ಹೋದವಳು ಕನ್ನಡಕದ ಅಂಗಡಿಯವರನ್ನೇ ಮದುವೆಯಾಗಿ, ಐವತ್ತೊಂದನೆಯ ವಯಸ್ಸಿನಲ್ಲಿ, ಅವರ ಊರಿಗೆ ಹೊರಟುಹೋದಳು. ಭಾವ ಒಳ್ಳೆಯವರು. ಅವಳು ಸುಖವಾಗಿದ್ದಾಳೆ. ಆದ್ದರಿಂದಲೇ ಇದು ಯಾರ ಬಳಿಯೂ ಹೇಳಿಕೊಳ್ಳುವಂಥ ಕಷ್ಟವಲ್ಲ. ಯಾರಾದರೂ ಸತ್ತರೆ ಜನ ಬಂದು ಕೂತು ಹೋಗುತ್ತಾರೆ. ಅಕ್ಕನಿಗೆ ಮದುವೆಯಾಯಿತೆಂದರೆ ಅಭಿನಂದನೆ ಹೇಳಿ ಫೋನಿಡುತ್ತಾರೆ. ಪೆಟ್ರೋಲಿನ ಬೆಲೆ ಏರಿದ ಮೇಲಂತೂ ಅವಳ ಊರು ಇನ್ನಷ್ಟು ದೂರ ಸರಿದಿದೆ. ಬಂಕಿನಲ್ಲಿ ಟ್ಯಾಂಕ್ ತುಂಬಿಸಿ ಎನ್ನುವುದನ್ನು ಬಿಟ್ಟು ಎಷ್ಟೋ ಕಾಲವಾಯಿತು. ಪಂಪಿನ ಅಂಕಿಗಳು ಓಡುವಾಗ ಬೇರೆ ಕಡೆ ನೋಡುತ್ತಾ ನಿಲ್ಲುವುದನ್ನು ಕಲಿತಿದ್ದೇನೆ.

ಅಂಥ ಹೊತ್ತಿನಲ್ಲಿ ನಿಮ್ಮ ಆದೇಶ ಬಂತು. ಕಾರಿನಲ್ಲಿ ಕನಿಷ್ಠ ಇಬ್ಬರಿರಬೇಕು, ಇಲ್ಲದಿದ್ದರೆ ಕೆಳರಸ್ತೆ ಹಿಡಿದು ದೂರದ ಹಳೆಯ ಸೇತುವೆಯ ಮೂಲಕ ಸುತ್ತುಹಾಕಿ ಹೋಗಬೇಕು. ಇಂಧನ ಉಳಿಸಲು! ಮನೆಯಲ್ಲಿ ಇನ್ನೊಬ್ಬರು ಇಲ್ಲದವರು ಇನ್ನಷ್ಟು ಪೆಟ್ರೋಲ್ ಸುಟ್ಟು ದೇಶದ ಪೆಟ್ರೋಲ್ ಉಳಿಸಬೇಕು ಎಂಬುದು ಯಾರ ತಲೆಗೆ ಹೊಳೆಯಿತೋ. ನಾನು ಇಂಗ್ಲಿಷಿನಲ್ಲಿ ಓದಿದವಳು. ಮೊದಲ ಮನವಿಯನ್ನು ಆ ಭಾಷೆಯಲ್ಲೇ ಬರೆದೆ. ಅದರಲ್ಲಿ ನನಗೆ ಕೋಪ ಸಲೀಸಾಗಿ ಬರುತ್ತದೆ. ಒಂಟಿಯಾಗಿರುವವರ ಮೇಲೆ ನೀವು ತೆರಿಗೆ ಹಾಕಿದ್ದೀರಿ ಎಂದು ಬರೆದು, ಆ ವಾಕ್ಯಕ್ಕೆ ನಾನೇ ತಲೆದೂಗಿದ್ದೆ. ಈ ಪತ್ರವನ್ನೂ ಹಾಗೇ ಬರೆಯಹೊರಟೆ. ಆದರೆ ಇದರಲ್ಲಿ ನನ್ನ ಪಕ್ಕದ ಸೀಟಿನ ಕಾಜಮ್ಮ ಬರಬೇಕಿತ್ತು, ಅವರು ಆ ಭಾಷೆಯೊಳಗೆ ಕಾಲಿಡಲೇ ಇಲ್ಲ.

ಎರಡು ವಾರ ಕೆಳರಸ್ತೆಯಲ್ಲಿ ಸುತ್ತಿದೆ. ಆಮೇಲೊಂದು ದಿನ ಸೇತುವೆಯ ಬಾಯಲ್ಲಿ ನಿಂತಿದ್ದ ಟ್ರಾಫಿಕ್ ಪೊಲೀಸಿನವರೇ ಕನಿಕರಪಟ್ಟು, ಬಸ್ ನಿಲ್ದಾಣದಲ್ಲಿ ಅಷ್ಟು ಜನ ಕಾಯುತ್ತಿದ್ದಾರೆ, ಯಾರನ್ನಾದರೂ ಹತ್ತಿಸಿಕೊಂಡು ಬನ್ನಿ ಎಂದರು. ನಿಲ್ದಾಣದ ಮುಂದೆ ಕಾರು ನಿಲ್ಲಿಸಿದೆ. ನಿಲ್ಲಿಸಿ, ಗಾಜು ಏರಿಸಿಕೊಂಡೇ ಕೂತಿದ್ದೆ. ಗುರುತಿಲ್ಲದವರನ್ನು ಬನ್ನಿ ಎಂದು ಕರೆಯುವುದು ಹೇಗೆ? ನನಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಗಾಜಿನ ಮೇಲೆ ಟಕಟಕ ಬಡಿದ ಸದ್ದಾಯಿತು. ಎಪ್ಪತ್ತರ ಆಸುಪಾಸಿನ ಹೆಂಗಸು, ಹೆಗಲಿಗೊಂದು ಚೀಲ.

“ತಲೆ ಬೇಕಾ?”

ನಾನು ಏನು ಎಂದೆ.

“ತಲೆ ಕಣಮ್ಮ, ತಲೆ. ನಿಂದೊಂದು ಇದೆ. ಇನ್ನೊಂದು ಬೇಕಲ್ಲ.”

ಬಾಗಿಲು ತೆರೆದೆ. ಸೀಟಿನ ಮೇಲಿದ್ದ ಡಬ್ಬಿಯನ್ನು ಅವರೇ ಎತ್ತಿ ತೊಡೆಯ ಮೇಲಿಟ್ಟುಕೊಂಡು, ಏನಿದು ಎಂದು ಕೇಳಿದರು. ಹಲ್ಲು ಎಂದೆ. ಯಾರದು ಎಂದರು. ಬೇರೆಬೇರೆಯವರದು ಎಂದೆ. ಡಬ್ಬಿಯನ್ನು ಮೊಣಕಾಲಿನ ಕಡೆಗೆ ಸರಿಸಿ, “ಕಚ್ಚಲ್ಲ ತಾನೇ?” ಎಂದರು.

ನಾನು ನಕ್ಕೆ. ಕಾರಿನೊಳಗೆ ನನ್ನ ನಗು ಕೇಳಿ ನನಗೇ ಒಂಥರಾ ಆಯಿತು.

ಅವರು ಆಚೆ ದಡದ ದರ್ಜಿ ಅಂಗಡಿಯೊಂದರಲ್ಲಿ ಕಾಜಾ ಹೊಲಿಯುತ್ತಾರೆ, ಅಂದರೆ ಅಂಗಿಗೆ ಗುಂಡಿ ತೂರಿಸುವ ಕಿಂಡಿಗಳನ್ನು. ನಿಲ್ದಾಣದಲ್ಲಿ ಎಲ್ಲರೂ ಕಾಜಮ್ಮ ಎನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಸೇತುವೆ ದಾಟಿದ ಮೇಲಿನ ತಿರುವಿನಲ್ಲಿ ಅವರು ಇಳಿಯುವಾಗ ಥ್ಯಾಂಕ್ಸ್ ಎಂದೆ. ಅವರಿಗೆ ಅದು ಹಿಡಿಸಲಿಲ್ಲ. “ನಿಂಗೆ ನನ್ನ ತಲೆ ಬೇಕಿತ್ತು, ನಂಗೆ ನಿನ್ನ ಚಕ್ರ ಬೇಕಿತ್ತು. ಚುಕ್ತಾ,” ಎಂದು ಬಾಗಿಲು ಹಾಕಿದರು. ಮರುದಿನವೂ ಅವರೇ ಬಂದರು. ಅದರ ಮರುದಿನವೂ. ನನಗಿಂತ ಒಳ್ಳೆಯ ಕಾರುಗಳಿದ್ದವು, ಹಾಡು ಹಾಕುವವರಿದ್ದರು. ಇದನ್ನೇ ಯಾಕೆ ಹತ್ತುತ್ತೀರಿ ಎಂದು ಒಮ್ಮೆ ಕೇಳಿದೆ. ನೀನು ಪ್ರಶ್ನೆ ಕೇಳಲ್ಲ, ಅದಕ್ಕೆ; ಇವತ್ತು ಕೇಳಿದೆಯಲ್ಲ, ನಾಳೆ ಯೋಚನೆ ಮಾಡಬೇಕು ಎಂದರು. ಮಾರನೆಯ ದಿನ ಅವರು ಬರುವ ತನಕ ನಾನು ಎಂಜಿನ್ ಆರಿಸುತ್ತಾ ಮತ್ತೆ ಹಚ್ಚುತ್ತಾ ಕೂತದ್ದನ್ನು ಇಲ್ಲಿ ಬರೆಯಬೇಕೋ ಬೇಡವೋ ತಿಳಿಯದು. ಬರೆದಾಯಿತು.

ಪಕ್ಕದ ಕಾರುಗಳಲ್ಲಿ ಕೂತವರ ಕಾಲರುಗಳಿಗೆ ಅವರು ಅಂಕ ಕೊಡುತ್ತಾರೆ. ಮನೆಯಲ್ಲಿ ಸೊಸೆ ಇಡೀ ದಿನ ಮಾತಾಡುತ್ತಾಳಂತೆ, ಫೋನಿನ ಜೊತೆ. ಪೆಟ್ರೋಲಿನ ಬೆಲೆಯ ಸುದ್ದಿ ಮಾತ್ರ ನಾವು ಎತ್ತುವುದಿಲ್ಲ; ನಿಲ್ದಾಣದಲ್ಲಿ ಅದು ಬರೆಯದ ಕಟ್ಟಳೆ. ಸೇತುವೆ ಎಷ್ಟು ಉದ್ದವೋ ನಮ್ಮ ಮಾತೂ ಅಷ್ಟೇ ಉದ್ದ. ಆದೇಶದಿಂದ ಎಷ್ಟು ಲೀಟರ್ ಉಳಿಯಿತೆಂದು ನೀವು ಅಳೆದಿದ್ದೀರಿ, ಪ್ರಕಟಿಸಿದ್ದೀರಿ. ಬೇರೇನನ್ನೂ ಅಳೆಯುವ ಸಾಧನ ನಿಮ್ಮ ಬಳಿ ಇಲ್ಲ, ಅದು ನಿಮ್ಮ ತಪ್ಪಲ್ಲ. ನಿಮ್ಮ ಕಾರಿನಲ್ಲಂತೂ ಸದಾ ಇಬ್ಬರು, ನೀವು ಮತ್ತು ನಿಮ್ಮ ಚಾಲಕರು. ನೀವಿಬ್ಬರೂ ಮಾತಾಡಿಕೊಳ್ಳುತ್ತೀರೋ ಇಲ್ಲವೋ ನನಗೆ ಗೊತ್ತಿಲ್ಲ. ಮಾತಾಡಿಕೊಳ್ಳುವುದಾದರೆ ಈ ಪತ್ರವನ್ನು ಅವರಿಗೂ ಓದಿ ಹೇಳಿ.

ಇದು ಹೊಗೆಯ ಪರವಾಗಿ ಬರೆದ ಪತ್ರವೆಂದು ತಿಳಿಯಬೇಡಿ. ಬೇರೆ ದಾರಿಗಳನ್ನೆಲ್ಲ ನೋಡಿದ್ದೇನೆ. ಬಸ್ಸಿನಲ್ಲಿ ಅಚ್ಚಿನ ಡಬ್ಬಿಗಳಿಗೆ ಜಾಗವಿಲ್ಲ. ಲ್ಯಾಬಿನಲ್ಲಿ ಜೊತೆಗೆ ಕೆಲಸ ಮಾಡುವವರ ಕರೆಂಟಿನ ಸ್ಕೂಟರನ್ನು ಕೆಲವು ದಿನ ಎರವಲು ಪಡೆದು ಓಡಿಸಿದೆ. ನಿಮ್ಮದೇ ವಿಭಾಗ ಹಾಕಿಸಿದ ರಸ್ತೆ ಉಬ್ಬೊಂದರ ಮೇಲೆ ಒಬ್ಬ ಹಿರಿಯರ ಕೆಳದವಡೆ ಎರಡು ಹೋಳಾಯಿತು. ಅಚ್ಚಿನ ದವಡೆ, ಗಾಬರಿಯಾಗಬೇಡಿ. ಅವರು ಮತ್ತೆ ಬಾಯಿ ತೆರೆದು ಕೂರಬೇಕಾಯಿತು, ನಾನು ಮಾಲೀಕರ ಮುಂದೆ ಬಾಯಿ ಮುಚ್ಚಿ ನಿಲ್ಲಬೇಕಾಯಿತು. ಕೊನೆಗೆ ಕರೆಂಟಿನ ಕಾರು ನೋಡಲು ಹೋದೆ. ಭಾವ ಆಗಲೇ ಒಂದನ್ನು ಕೊಂಡಿದ್ದಾರೆ. ಬಂಕಿನ ಮುಖ ನೋಡದೆ ಎಷ್ಟು ದಿನವಾಯಿತು ಗೊತ್ತೇನೇ ಎಂದು ಅಕ್ಕ ಪ್ರತಿ ಸಲ ಕೇಳುತ್ತಾಳೆ. ನೀನೂ ತಗೋ, ಭಾನುವಾರ ಭಾನುವಾರ ಬಂದುಬಿಡಬಹುದು ಎನ್ನುತ್ತಾಳೆ. ಷೋರೂಮಿನ ಯುವತಿ ಬಹಳ ಸೌಜನ್ಯದಿಂದ, “ಒಬ್ಬರೇ ಓಡಾಡೋರಿಗೆ ಹೇಳಿ ಮಾಡಿಸಿದ್ದು ಮೇಡಂ,” ಎಂದಳು. ಓಡಿಸಿ ನೋಡಿದೆ. ಒಳ್ಳೆಯ ಗಾಡಿ. ಎಷ್ಟು ನಿಶ್ಶಬ್ದವೆಂದರೆ ನನ್ನ ಉಸಿರು ನನಗೇ ಕೇಳುತ್ತಿತ್ತು. ಹಳೆಯ ಕಾರು ಗೊಣಗುತ್ತದೆ, ಕೆಮ್ಮುತ್ತದೆ, ಅಷ್ಟಾದರೂ ಮಾಡುತ್ತದೆ. ಆದರೂ ಕೊಳ್ಳುತ್ತೇನೆ. ಯಾರೋ ಬಳಸಿದ್ದು ಒಂದು ಸಿಗುವುದರಲ್ಲಿದೆ. ನನ್ನ ಸಂಬಳಕ್ಕೆ ಬೇರೆ ದಾರಿಯಿಲ್ಲ.

ಇದನ್ನು ಕಾಜಮ್ಮನಿಗೆ ಹೇಳಿದ ದಿನವೇ ನಿಮ್ಮ ಹೊಸ ಪ್ರಕಟಣೆಯೂ ಬಂದಿತ್ತು.

“ಹಾಗಾದ್ರೆ ನಿಂಗೆ ತಲೆ ಬೇಡ ಅನ್ನು,” ಎಂದರು.

“ಬೇಡ ಅಂತೇನಿಲ್ಲ. ನೀವು ಬನ್ನಿ.”

“ಬೇಡದ್ದನ್ನ ಹೊತ್ಕೊಂಡು ಯಾಕೆ ತಿರುಗ್ತೀಯ? ನಾನೇನು ಕೈಚೀಲವಾ?”

ಮುಖ ಕಿಟಕಿಯ ಕಡೆಗಿತ್ತು. ಅವತ್ತು ಯಾವ ಕಾಲರಿಗೂ ಅಂಕ ಸಿಗಲಿಲ್ಲ.

ನೀವು ಕೇಳಬಹುದು, ಇಷ್ಟಕ್ಕೆಲ್ಲ ಸರ್ಕಾರ ಯಾಕೆ ಬೇಕು ಎಂದು. ಆಕೆ ಬೇಕಿದ್ದರೆ ಕಾರು ನಿಲ್ಲಿಸಿ ಹತ್ತಿಸಿಕೊಳ್ಳಿ, ಯಾರು ತಡೆದರು? ನಾನೂ ಇದನ್ನು ನನಗೆ ಅನೇಕ ಸಲ ಕೇಳಿಕೊಂಡಿದ್ದೇನೆ, ಉತ್ತರ ನನಗೇ ಪೂರ್ತಿ ಒಪ್ಪಿಗೆಯಾಗಿಲ್ಲ. ಆದರೆ ಇಷ್ಟು ಗೊತ್ತಿದೆ. ಅಗತ್ಯವಿಲ್ಲದೆ ಹತ್ತಿಸಿಕೊಂಡರೆ ಅದು ಉಪಕಾರವಾಗುತ್ತದೆ, ಕಾಜಮ್ಮ ಉಪಕಾರದ ಗಾಡಿ ಹತ್ತುವವರಲ್ಲ. ಬನ್ನಿ ಎಂದು ಕರೆಯಲು ಬಾರದ ನನ್ನಂಥವರಿಗೆ ನಿಮ್ಮ ಆದೇಶ ಒಂದು ನೆಪ ಕೊಟ್ಟಿತ್ತು. ನಾನು ಯಾರನ್ನೂ ಬೇಡಬೇಕಾಗಿರಲಿಲ್ಲ. ಕಾನೂನು ಹೇಳಿತ್ತು, ನಾನು ಪಾಲಿಸುತ್ತಿದ್ದೆ. ಒಂಟಿಯಾಗಿರುವವರ ಮೇಲೆ ತೆರಿಗೆ ಎಂದು ಅಂದು ಬರೆದೆನಲ್ಲ, ಆ ವಾಕ್ಯವನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತೇನೆ.

ಇನ್ನೊಂದು ಮಾತಿದೆ. ಕಾಜಮ್ಮನ ಕೆಳಗಿನ ಹಲ್ಲಿನ ಸೆಟ್ ಸಡಿಲವಾಗಿದೆ. ನನ್ನ ಕಿವಿಗೆ ಅದು ಮೊದಲ ದಿನವೇ ಗೊತ್ತಾಯಿತು; ಮಾತಿನ ನಡುವೆ ಸಣ್ಣದಾಗಿ ಕಟಕ್ ಎನ್ನುತ್ತದೆ, ಅವರು ನಾಲಗೆಯಿಂದ ಒತ್ತಿ ಹಿಡಿದು ಮುಂದುವರಿಸುತ್ತಾರೆ. ನೋಯುತ್ತಿರಬೇಕು. ಹೊಸದು ಮಾಡುವುದು ನನಗೆ ಕಷ್ಟವಲ್ಲ. ಆದರೆ ಅದಕ್ಕೆ ಅವರು ಹಳೆಯ ಸೆಟ್ ತೆಗೆದು, ನಮ್ಮ ವೈದ್ಯರ ಮುಂದೆ ಬೋಳು ಬಾಯಿ ತೆರೆದು ಕೂರಬೇಕು. ಹಾಗೆ ಬನ್ನಿ ಎಂದು ಯಾರನ್ನಾದರೂ ಕರೆಯಲು ಎಷ್ಟು ದಿನದ ಪರಿಚಯ ಬೇಕು, ಮಾನ್ಯರೇ? ಇನ್ನೂ ಕೆಲವು ತಿಂಗಳು ಸೇತುವೆ ದಾಟಿದರೆ ಹೇಳಬಲ್ಲೆ ಎಂದುಕೊಂಡಿದ್ದೆ. ನೀವು ನನಗೆ ಮೇ ತಿಂಗಳ ಕೊನೆಯವರೆಗೆ ಗಡುವು ಕೊಟ್ಟಿದ್ದೀರಿ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಸೇತುವೆ ದಾಟಲು ಇಬ್ಬರಿರಬೇಕೆಂಬ ನಿಯಮ ಹಾಗೇ ಇರಲಿ. ಗಾಡಿ ಪೆಟ್ರೋಲಿನದಾಗಲಿ, ಕರೆಂಟಿನದಾಗಲಿ, ನಾಳೆ ಗಾಳಿಯಲ್ಲೇ ಓಡುವಂಥದು ಬರಲಿ, ಎಲ್ಲಕ್ಕೂ ಇರಲಿ. ಶುಲ್ಕ ಕಟ್ಟಿ ಒಂಟಿಯಾಗಿ ಹೋಗುವ ಸವಲತ್ತು ಬೇಡ. ಅದನ್ನು ನಾನು ಮನೆಯಲ್ಲಿ ಪುಕ್ಕಟೆಯಾಗಿ ಅನುಭವಿಸುತ್ತಿದ್ದೇನೆ. ಚಾರ್ಜಿಂಗ್ ಕೇಂದ್ರವನ್ನು ಖಂಡಿತ ಕಟ್ಟಿ, ನನಗೂ ಬೇಕಾಗುತ್ತದೆ. ನಿಲ್ದಾಣದ ನೆರಳನ್ನೂ ಬೆಂಚನ್ನೂ ಮಾತ್ರ ಮುಟ್ಟಬೇಡಿ.

ನೀವು ಒಪ್ಪುವಿರೆಂದು ಕಾದು ಕೂತಿಲ್ಲ. ಲ್ಯಾಬಿನ ನನ್ನ ಬಿಳಿ ಕೋಟಿನ ಕಾಜಾಗಳು ಕಿತ್ತುಹೋಗಿ ಬಹಳ ದಿನವಾಯಿತು, ಪಿನ್ನು ಚುಚ್ಚಿಕೊಂಡು ಕಾಲ ತಳ್ಳುತ್ತಿದ್ದೆ. ನಾಳೆ ಆ ಕೋಟನ್ನು ಕಾರಿನಲ್ಲಿ ಇಟ್ಟುಕೊಂಡು ಹೋಗುತ್ತೇನೆ. ನಿಮ್ಮ ಕಾಜಾ ನನಗೆ ಬೇಕು, ನನ್ನ ಹಲ್ಲು ನಿಮಗೆ ಬೇಕು ಎಂದು ಹೇಳಿ ನೋಡುತ್ತೇನೆ. ಹೇಳಲು ಬಾಯಿ ಬಂದರೆ. ಬಾರದಿದ್ದರೂ ಹೇಳದೆ ವಿಧಿಯಿಲ್ಲ, ಏಕೆಂದರೆ ಈ ಪತ್ರದ ಒಂದು ಪ್ರತಿ ಪತ್ರಿಕೆಗೂ ಹೋಗುತ್ತಿದೆ, ದರ್ಜಿ ಅಂಗಡಿಗಳಲ್ಲಿ ಪತ್ರಿಕೆಯನ್ನು ಗಟ್ಟಿಯಾಗಿ ಓದುವವರು ಒಬ್ಬರಾದರೂ ಇರುತ್ತಾರೆ. ಅವರ ಬಾಯಿಂದ ಕಾಜಮ್ಮನಿಗೆ ತಿಳಿಯುವುದಕ್ಕಿಂತ ಮೊದಲು ನನ್ನ ಬಾಯಿಂದ ತಿಳಿಯಬೇಕು. ಆದರೆ ಆ ಕೋಟಿನಲ್ಲಿ ಇರುವುದು ಆರೇ ಕಾಜಾ, ಮಾನ್ಯರೇ. ಆಮೇಲಿನ ದಿನಗಳಿಗೆ ನೀವೇ ಗತಿ.

ಅಂಚೆ ಡಬ್ಬಿ ಸೇತುವೆಯ ಆಚೆ ತುದಿಯಲ್ಲಿದೆ, ಪಕ್ಕದ ಸೀಟಿನ ಕಡೆಗೆ. ಅಲ್ಲಿ ಕಾರು ನಿಲ್ಲಿಸಿ ಇಳಿಯಲು ನಿಮ್ಮವರು ಬಿಡುವುದಿಲ್ಲ. ಕಿಟಕಿಯಿಂದ ಕೈಚಾಚಿ ಪತ್ರ ಹಾಕಬೇಕೆಂದರೆ ಕಾರಿನಲ್ಲಿ ಇಬ್ಬರಿರಬೇಕು.

ಇಂತಿ,
ಒಂದೇ ತಲೆಯ ಒಬ್ಬ ಚಾಲಕಿ

ಅಂಚೆಗೆ ಹಾಕುವುದು: ನಾಳೆ ಬೆಳಗ್ಗೆ, ಸೋಮವಾರ, ಮೇ ೧೮