ಮಾನ್ವಿ ಕಡೆಯ ಅರ್ಧ

ಮಾನ್ವಿ
೧೨ ಏಪ್ರಿಲ್ ೧೯೮೭

ಗೆಳೆಯ ಸಲಾವುದ್ದೀನನಿಗೆ,

ನಿನ್ನ ಹಂಪಯ್ಯನ ಸಲಾಮು. ಇಲ್ಲಿ ನಿನ್ನ ಅಮ್ಮಿ, ನಾನು, ನನ್ನ ಹೆಂಡತಿ ದುರುಗಮ್ಮ ಎಲ್ಲರೂ ಇದ್ದೇವೆ. ಚೆನ್ನಾಗಿದ್ದೇವೆ ಎಂದು ಬರೆಯಲು ಪೆನ್ನು ಏಳಲಿಲ್ಲ, ಅದಕ್ಕೇ ಇದ್ದೇವೆ ಎಂದಷ್ಟೇ ಬರೆದೆ. ಕರಾಚಿಯಲ್ಲಿ ನೀನು, ನಿನ್ನ ಮನೆಯವರು, ಮಕ್ಕಳು ಸುಖವಾಗಿರಬೇಕು.

ತಡವಾಯಿತು, ಬೈಯಬೇಡ. ನೀನು ಜನವರಿಯಲ್ಲಿ ಬರೆದ ಕಾಗದ ನನ್ನ ಕೈ ಸೇರಿದ್ದು ಮಾರ್ಚ್ ಕೊನೆಗೆ. ಲಕೋಟೆಯನ್ನು ಯಾರೋ ಬಿಚ್ಚಿ ಮತ್ತೆ ಅಂಟಿಸಿದ್ದರು. ಉರ್ದುವಿನಲ್ಲಿ ಬರೆದರೆ ಬೇಗ ಹೋಗುತ್ತದೆ, ಕನ್ನಡ ಓದುವವರು ಆ ಕಡೆಯೂ ಸಿಗುವುದಿಲ್ಲ ಈ ಕಡೆಯೂ ಸಿಗುವುದಿಲ್ಲ, ಅದಕ್ಕೆ ಎತ್ತಿಡುತ್ತಾರೆ ಎಂದು ನಮ್ಮ ಅಂಚೆಯವನ ಅಂಬೋಣ. ನೀನೋ, "ಕನ್ನಡದಾಗ ಬರಿಲೇ, ಇಲ್ಲಿ ಆ ಅಕ್ಷರ ಕಣ್ಣಿಗೆ ಬೀಳಂಗಿಲ್ಲ" ಎಂದು ಹಟ ಹಿಡಿದವನು. ಆಯಿತಪ್ಪ. ಬಿಚ್ಚಿ ಓದುವ ಸಾಹೇಬರಿಗೂ ನನ್ನ ನಮಸ್ಕಾರ. ಇದರಲ್ಲಿ ತೋಪು ಬಂದೂಕಿನ ಸುದ್ದಿ ಏನೂ ಇಲ್ಲ ಸ್ವಾಮಿ, ಒಬ್ಬ ತಾಯಿಯ ಸುದ್ದಿ ಇದೆ.

ಹೋದ ನವೆಂಬರಿನಲ್ಲಿ ನೀನು ಬಂದು ಹೋದೆಯಲ್ಲ, ಆಗ ನೀನು ಕಂಡದ್ದು ಆ ಕಥೆಯ ರಾಯಚೂರು ಕಡೆಯ ಅರ್ಧ ಮಾತ್ರ. ಮಾನ್ವಿ ಕಡೆಯ ಅರ್ಧ ನಿನಗೆ ಗೊತ್ತಿಲ್ಲ. ಎರಡನ್ನೂ ಕಂಡವನು ಎಂದರೆ ಮಾನ್ವಿ-ರಾಯಚೂರು ಬಸ್ಸಿನ ಕಂಡಕ್ಟರ್ ಆದ ನಾನೊಬ್ಬನೇ.

ನಿನ್ನ ಅಬ್ಬಾ ತೀರಿಕೊಂಡ ತಂತಿ ಕೊಟ್ಟವನು ನಾನೇ. ನೀನು ಬರುತ್ತೀ ಎಂದು ತಿಳಿದಾಗ ಅಮ್ಮಿ ಅಳುವುದನ್ನು ನಿಲ್ಲಿಸಿ, ನಿನ್ನ ಹಾಸಿಗೆಯನ್ನು ಬಿಸಿಲಿಗೆ ಹಾಕು ಎಂದಳು. ಕರಾಚಿಗೆ ಹೋದ ಮೇಲೆ ಅರವತ್ತೆರಡರಲ್ಲಿ ಒಮ್ಮೆ ಬಂದಾಗ ನೋಡಿದ ಮಗ. ಆಮೇಲೆ ಎರಡು ಯುದ್ಧ ನಡೆದು, ಕಾಗದವೂ ಇಲ್ಲದ ವರ್ಷಗಳು ಕಳೆದವು. ನೀನು ರಾಯಚೂರಿಗೆ ಬಂದು ಇಳಿದೆ, ಪಾಸ್‌ಪೋರ್ಟು ತೆಗೆದು ತೋರಿಸಿದೆ, ವೀಸಾದಲ್ಲಿ 'ರಾಯಚೂರು' ಎಂದಷ್ಟೇ ಇತ್ತು. ಮಾನ್ವಿ ಇರಲಿಲ್ಲ, ಹೆಸರಿಲ್ಲದ ಊರಿಗೆ ನೀನು ಕಾಲಿಡುವಂತಿಲ್ಲ. ಯಾರನ್ನು ಬೈಯುವುದು? ನಮ್ಮ ಕಡೆಯ ಚಟ ಅದು. ಊರು ಬಿಟ್ಟು ಹೊರಗೆ ಹೋದವರು ದೇವದುರ್ಗದವರಾದರೂ ಸರಿ, ಮಾನ್ವಿಯವರಾದರೂ ಸರಿ, ಯಾವೂರು ಎಂದರೆ ರಾಯಚೂರು ಎನ್ನುತ್ತಾರೆ. ಕರಾಚಿಯ ನಿಮ್ಮ ಗಲ್ಲಿಯಲ್ಲೂ ನೀವೆಲ್ಲ 'ರಾಯಚೂರ್ ವಾಲೆ' ಎಂದು ನೀನೇ ಹೇಳಿದ್ದೆ. ಅರ್ಜಿ ತುಂಬುವಾಗಲೂ ನಾಲಿಗೆ ಮೇಲಿದ್ದದ್ದೇ ಕೈಗೆ ಬಂತು. ನಮಗೆ ಅದು ಬಸ್ಸಿನಲ್ಲಿ ಒಂದು ಮುಂಜಾನೆಯ ದಾರಿ, ಕಾಗದಕ್ಕೆ ಅದು ಬೇರೆ ದೇಶ.

ನಿನ್ನ ಚಿಕ್ಕಪ್ಪನ ಮಗಳು ಮಹಬೂಬಿಯ ಮನೆಯಲ್ಲಿ ನೀನು ಕುಳಿತಿದ್ದೆ. ಹಾಜರಿ ನೋಡಲು ಬರುತ್ತಿದ್ದ ಪೊಲೀಸಿನ ಅಯ್ಯಪ್ಪ ಒಳ್ಳೆಯವನೇ. "ಸಾಹೇಬ್ರ, ನಾ ಕಣ್ಣು ಮುಚ್ಚಿಕೊಂಡೇನು. ಆ ಕಾಗದ ಕಣ್ಣು ಮುಚ್ಚಂಗಿಲ್ರಿ" ಎಂದವನು ಅವನು. ರೇಡಿಯೋದಲ್ಲಿ ಬೆಂಗಳೂರಿನ ಸುದ್ದಿ ಬರುತ್ತಿತ್ತು, ನೆನಪಿದೆಯೇ? ಏಳು ದೇಶದ ದೊಡ್ಡವರು ಸೇರಿದ್ದರು. ನೆರೆಹೊರೆ, ಸ್ನೇಹ, ಸಹಕಾರ ಎಂದು ಓದುತ್ತಿದ್ದರೆ ಅಯ್ಯಪ್ಪ, "ಏಳು ದೇಶ ಕುಂತು ಮಾತಾಡಾಕತ್ತಾವ, ನಮ್ಮ ಮಾನ್ವಿದೊಂದು ಮಾತು ಅವ್ರ ಕಿವಿಗಿ ಹಾಕಬೇಕಿತ್ತು ನೋಡ್ರಿ" ಎಂದ. ನಾವೆಲ್ಲ ನಕ್ಕೆವು. ನೀನು ನಗಲಿಲ್ಲ.

ಈಗ ಮಾನ್ವಿಯ ಕಡೆಯದು ಕೇಳು. ನೀನು ಬರಲಾಗದಿದ್ದರೆ ಅಮ್ಮಿಯಾದರೂ ಬರಬಹುದಿತ್ತಲ್ಲ ಎಂದರೆ, ಅವಳು ಇದ್ದತ್ತಿನಲ್ಲಿ ಕುಳಿತಿದ್ದಳು. ಗಂಡ ಹೋದ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಹೊಸ್ತಿಲು ದಾಟಬಾರದು ಎಂದು ಓಣಿಯ ಹೆಂಗಸರೆಲ್ಲ ಹೇಳಿದರು. ಅಮ್ಮಿಯೂ ಅದನ್ನೇ ಹೇಳಿದಳು. ಮಗನಿಗೆ ಒಳಗೆ ಬರಲು ಹುಕುಂ ಇಲ್ಲ, ತಾಯಿಗೆ ಹೊರಗೆ ಬರಲು ಹುಕುಂ ಇಲ್ಲ. ಶಾಲೆಯಲ್ಲಿ ನನ್ನನ್ನು ಹೊರಗೆ ಕೂರಿಸಿದ ದಿನವೇ ನೀನು ಕೈ ಹಿಡಿದು ನಿಮ್ಮ ಮನೆಗೆ ಕರೆದೊಯ್ದೆ, ಅಮ್ಮಿ ನಿನ್ನ ತಟ್ಟೆಯಲ್ಲೇ ನನಗೂ ಬಡಿಸಿದಳು. ಅಂದಿನಿಂದ ಒಳಮನೆಯ ತನಕ ಹೋಗಿ ಬಂದವನು ನಾನು. ಈಗ ಪರದೆಯ ಈಚೆ ನಿಂತು ಮಾತಾಡಬೇಕಾಯಿತು. ಅದೂ ನನಗೆ ಬೇಜಾರೇ.

ಬೆಳಿಗ್ಗೆ ಬಸ್ಸು ಹೊರಡುವ ಮುಂಚೆ ಪರದೆಯ ಕೆಳಗಿನಿಂದ ಡಬ್ಬಿ ಬರುತ್ತಿತ್ತು. ಸಜ್ಜಿ ರೊಟ್ಟಿ, ಪುಂಡಿಪಲ್ಯ. ಅದನ್ನು ನೀನು ತಿನ್ನುತ್ತಿದ್ದೆ. ಖಾಲಿ ಡಬ್ಬಿ ವಾಪಸು ಕಳಿಸಬಾರದೆಂದು ಅದರಲ್ಲಿ ಕರಾಚಿಯ ಖರ್ಜೂರ ಹಾಕಿ ಕೊಡುತ್ತಿದ್ದೆ. ಸಂಜೆ ನಾನು ಮಾನ್ವಿಗೆ ಬಂದರೆ ಅಮ್ಮಿಯ ಪೊಲೀಸ್ ವಿಚಾರಣೆ ಶುರು. "ಏನಂದ? ರೊಟ್ಟಿ ಬಿಸಿ ಇತ್ತೇನು? ಕೂದಲ ಬೆಳ್ಳಗಾಗ್ಯಾವೇನು? ಅಬ್ಬಾನಂಗ ಬಗ್ಗಿ ನಡೀತಾನೇನು?" ನಾನು ಒಂದೊಂದಕ್ಕೂ ಜವಾಬು ಕೊಡಬೇಕು. ಒಮ್ಮೆ ಬೇಸತ್ತು, "ಅಮ್ಮಿ, ನಾ ಕಂಡಕ್ಟರೋ ನಿಮ್ಮಿಬ್ಬರ ವಕೀಲನೋ?" ಎಂದೆ. ಒಳಗಿನಿಂದ ನಗು ಕೇಳಿಸಿತು. ಆಮೇಲೆ, "ನೀ ಕಂಡಿಯಲ್ಲೋ ಯಪ್ಪಾ, ನೀ ಪುಣ್ಯವಂತ" ಎಂದಳು. 

ಮಾನ್ವಿಗೆ ಹೋಗಲು ಅನುಮತಿ ಬೇಡಿ ನಾನು, ಮಹಬೂಬಿ, ಅಯ್ಯಪ್ಪ ಸೇರಿ ಕೊಟ್ಟ ಅರ್ಜಿ ಒಂದಲ್ಲ, ಎರಡಲ್ಲ. ಯಾವ ಸಾಹೇಬರೂ ಆಗುವುದಿಲ್ಲ ಎನ್ನಲಿಲ್ಲ. ಮೇಲಕ್ಕೆ ಬರೆಯುತ್ತೇವೆ ಎಂದರು. ಮೇಲು ಎಂದರೆ ಎಲ್ಲಿದೆಯೋ ಆ ದೇವರೇ ಬಲ್ಲ. ನಿನ್ನ ದಿನಗಳು ಮುಗಿದವು, ರೈಲು ಬಂತು, ನೀನು ಹೋದೆ. ಆ ಸಂಜೆ ನಾನು ಖಾಲಿ ಕೈಯಲ್ಲಿ ಬಂದದ್ದನ್ನು ಪರದೆಯ ಸಂದಿಯಿಂದ ನೋಡಿ ಅಮ್ಮಿ, ನಿನ್ನ ಹಾಸಿಗೆ ಸುತ್ತಿಡು ಎಂದಳು.

ಎರಡು ತಿಂಗಳೂ ಆಗಲಿಲ್ಲ, ಅತ್ತ ಇತ್ತ ಎರಡೂ ದೇಶದ ದಂಡು ಗಡಿಗೆ ಬಂದು ನಿಂತವು. ಬೆಂಗಳೂರಿನಲ್ಲಿ ಆಡಿದ ಮಾತೆಲ್ಲ ಎಲ್ಲಿ ಹೋಯಿತೋ! ಆಮೇಲೆ ದೊಡ್ಡವರು ಕುಳಿತು ಮಾತಾಡಿದರು, ದಂಡು ಹಿಂದಕ್ಕೆ ಸರಿಯಿತು. ಮಾತಾಡಿದರೆ ಆಗುತ್ತದಲ್ಲ ಮತ್ತೆ! ಮೊದಲೇ ಆಡಲು ಏನು ಧಾಡಿ? ನಿನ್ನ ಹೊಸ ಅರ್ಜಿ ಇನ್ನೂ ಅಲ್ಲೇ ಬಿದ್ದಿದೆ ಎಂದು ಬರೆದಿದ್ದೀ. 

ಫೆಬ್ರವರಿಯಲ್ಲಿ ಇದ್ದತ್ ಮುಗಿಯಿತು. ಮರುದಿನವೇ ಅಮ್ಮಿ ನನ್ನ ಬಸ್ಸು ಹತ್ತಿದಳು. "ನನ್ನ ಮಗ ಮಲಗಿದ ಜಾಗ ನೋಡಬೇಕು" ಎಂದಳು. ಮುಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ ಕೂರಿಸಿದೆ. ಕಲ್ಲೂರಿನಲ್ಲಿ ಬಸ್ಸು ನಿಂತಿತ್ತು, ಜನ ಇಳಿಯುತ್ತಿದ್ದರು, ಸುಡುಬಿಸಿಲು. ಅಮ್ಮಿ ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ಹಂಪಯ್ಯ, ಕಲ್ಲೂರು ಬಂತೇನು?" ಎಂದು ಕೇಳಿದಳು. ಅವಳ ಕಣ್ಣೆದುರಿಗೇ ಕಲ್ಲೂರು ಇತ್ತು.

ಮಹಬೂಬಿಯ ಮನೆಯಲ್ಲಿ ನೀನು ಮಲಗಿದ್ದ ಮಂಚವನ್ನು ಕೈಯಿಂದ ಸವರಿ ನೋಡಿದಳು. ತಲೆ ಯಾವ ಕಡೆ ಇಟ್ಟಿದ್ದ ಎಂದು ಕೇಳಿದಳು. ಅಲ್ಲಿಂದಲೇ ಕಣ್ಣಿನ ಡಾಕ್ಟರ ಬಳಿ ಕರೆದೊಯ್ದೆ. ಪೊರೆಯಾಗಿದ್ದರೆ ತೆಗೆಯಬಹುದಿತ್ತು, ಇದು ಒಳಗಿನ ನರ ಸಾಯುವ ರೋಗ, ಹೋದದ್ದು ಬರುವುದಿಲ್ಲ, ಉಳಿದದ್ದೂ ಬಹಳ ದಿನ ಇರುವುದಿಲ್ಲ ಎಂದರು. ಚಳಿಗಾಲದಲ್ಲೇ ಮಬ್ಬಾಗತೊಡಗಿತ್ತಂತೆ. ಯಾರಿಗೂ ಹೇಳಿಲ್ಲ, ಇದ್ದತ್ ಮುಗಿಯಲಿ ಎಂದು ಕುಳಿತಿದ್ದಳು. ಈಗ ಬೆಳಕು ಎಲ್ಲಿದೆ ಎಂದು ತಿಳಿಯುತ್ತದೆ, ಮುಖ ತಿಳಿಯುವುದಿಲ್ಲ. ನೀನು ಕೊಟ್ಟುಹೋದ ಫೋಟೋ ಹಿಡಿದುಕೊಂಡು ಬಾಗಿಲ ಬಳಿ ಕೂರುತ್ತಾಳೆ. ಒಮ್ಮೊಮ್ಮೆ ತಲೆಕೆಳಗಾಗಿ ಹಿಡಿದಿರುತ್ತಾಳೆ, ದುರುಗಮ್ಮ ಸದ್ದಿಲ್ಲದೆ ಸರಿ ಮಾಡುತ್ತಾಳೆ.

ಅದಕ್ಕೇ ಹೇಳುತ್ತೇನೆ, ಆ ಅರ್ಜಿ ಬಿದ್ದಿದ್ದರೆ ಇನ್ನೊಂದು ಹಾಕು, ಈ ಸಲ ಮಾನ್ವಿ ಎಂದು ಬರೆ. ದೊಡ್ಡದಾಗಿ ಬರೆ. ನೋಡಲು ಆಗದಿದ್ದರೂ ನಿನ್ನ ಮುಖವನ್ನು ಮುಟ್ಟಿಯಾದರೂ ನೋಡಲಿ. ಅಮ್ಮಿ ನಿನಗೆ ನೂರು ದುವಾ ಕಳಿಸಿದ್ದಾಳೆ. ಮಕ್ಕಳಿಗೆ ನನ್ನ ಆಶೀರ್ವಾದ. ಅವರಿಗೆ ನಾಲ್ಕು ಕನ್ನಡ ಮಾತು ಕಲಿಸು, ಅಜ್ಜಿಯೊಡನೆ ಆಡಲು ಬೇಕಾಗುತ್ತದೆ.

ನಿನ್ನ
ಹಂಪಯ್ಯ

ಮರೆತು ಬಿಟ್ಟದ್ದಲ್ಲ, ಬರೆಯಲೋ ಬೇಡವೋ ಎಂದು ಬಿಟ್ಟದ್ದು: ಹೋದ ತಿಂಗಳು ನನ್ನನ್ನು ದೇವದುರ್ಗದ ಬಸ್ಸಿಗೆ ಹಾಕಿದ್ದರು. ಅಲ್ಲಿಯ ಹಿರಿಯ ಮೌಲಾನಾ ಬುರ್ಹಾನುದ್ದೀನ್ ಸಾಹೇಬರು ನನ್ನ ಬಸ್ಸಿನಲ್ಲೇ ಬಂದರು. ಮಾತಿಗೆ ಮಾತು ಬಂದು ನಿಮ್ಮ ಕಥೆ ಹೇಳಿದೆ. ಅವರು, "ಇದ್ದತ್ತಿನಾಗೂ ಜರೂರತ್ ಇದ್ರ ಹಗಲು ಹೊರಗ ಹೋಗಬಹುದಪ್ಪ. ರಾತ್ರಿ ತನ್ನ ಮನಿಗಿ ಬಂದು ಮಲಗಿದ್ರ ಆತು. ಇಪ್ಪತ್ನಾಕು ವರ್ಷಕ್ಕ ಬಂದ ಮಗನ್ನ ನೋಡೂದು ಜರೂರತ್ ಅಲ್ಲೇನು? ನನ್ನ ಕೇಳಿದ್ರ ಹೋಗಿ ಬಾರವ್ವಾ ಅಂತಿದ್ದೆ" ಎಂದರು.

ಮುಂಜಾನೆ ನನ್ನ ಬಸ್ಸಿಗೆ ಹೋಗಿ ಸಂಜೆ ನನ್ನ ಬಸ್ಸಿಗೇ ಬರಬಹುದಿತ್ತು ಸಲಾವುದ್ದೀನ್. ನಿನ್ನ ಪಕ್ಕದಲ್ಲಿ ಕುಳಿತು ಆ ರೊಟ್ಟಿಯನ್ನು ತಾನೇ ಮುರಿದು ಕೊಡಬಹುದಿತ್ತು. ಡಬ್ಬಿ ಹೋಗಿ ಬಂತು, ಅವಳು ಹೋಗಲಿಲ್ಲ.

ಅಮ್ಮಿಗೆ ಹೇಳಬಾರದೆಂದಿದ್ದೆ, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ, ಹೇಳಿದೆ. "ಸರಕಾರದವ್ರಿಗಿ ಅಷ್ಟು ಅರ್ಜಿ ಕೊಟ್ರಲ್ಲೋ. ಮಸೀದಿಗಿ ಯಾರರ ಹೋಗಿ ಒಂದು ಮಾತು ಕೇಳಿದ್ರೇನು?" ಎಂದಳು. ಯಾರೂ ಇಲ್ಲ ಅಮ್ಮಿ ಎಂದೆ. "ನಾನೂ ಕೇಳಲಿಲ್ಲ ಬಿಡು. ದೇಶದವ್ರು ಒಬ್ರಿಗೊಬ್ರು ಮಾತಾಡಂಗಿಲ್ಲ ಅಂತ ಬೈಕೋತ ಕುಂತಿದ್ದೆ. ಅವ್ನಿಗಿ ಬರಿ, ಇಲ್ಲಂದ್ರ ಆ ಪೊಲೀಸ್ನೋರನ್ನೇ ಬೈಕೋತ ಇರ್ತಾನ" ಎಂದಳು.

ಅದಕ್ಕೆ ಬರೆದೆ. ಎದ್ದು ಹೊರಟಿದ್ದೆ, ಹಿಂದಿನಿಂದ ಕರೆದು ಇನ್ನೊಂದು ಮಾತು ಹೇಳಿದಳು: "ಆವಾಗ ಕಣ್ಣು ಕಾಣ್ತಿದ್ವು ಹಂಪಯ್ಯ."